ಬಿಳಿ ನಾಲ್ಕರ ಮಾಸ್ತರರು

ನಮ್ಮ ಮಾನ್ವಿಯ ಭಜನಾ ಮೇಳದ ಮಾಸ್ತರರಿಗೆ ಹಾರ್ಮೋನಿಯಂನ ತಿದಿ ಒತ್ತಿ ಒತ್ತಿ ಎಡಭುಜ ಸೋತುಹೋಗಿತ್ತು. ನನ್ನ ಟ್ಯಾಬ್‌ಗೆ ಜೋಡಿಸಿ ನುಡಿಸುವಂಥ ಮಿಡಿ ಕೀಬೋರ್ಡ್ ಆರಿಸಲು ಅವರನ್ನು ರಾಯಚೂರಿಗೆ ಕರೆದೊಯ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರು.

ಶ್ರುತಿ ಯಾವುದೆಂದು ಯಾರು ಕೇಳಿದರೂ "ನಮ್ದು ಬಿಳಿ ನಾಕು ನೋಡ್ರಿ" ಎನ್ನುವುದು ಅವರ ರೂಢಿ. ಹಾರ್ಮೋನಿಯಂನ ನಾಲ್ಕನೆಯ ಬಿಳಿ ಕೀಯಿಂದ ಎತ್ತಿಕೊಂಡು ಹಾಡುವಷ್ಟು ಎತ್ತರದ ದನಿ ಜಾಲಹಳ್ಳಿಯಿಂದ ಚೀಕಲಪರ್ವಿಯವರೆಗೆ ಬೇರೆ ಗಂಡಸರಿಗೆ ಇರಲಿಲ್ಲ.

ಅಂಗಡಿಯವರು ಮೂರ್ನಾಲ್ಕು ಕೀಬೋರ್ಡ್ ತೆಗೆದಿಟ್ಟರು. ನಾನು ಕೀಗಳ ಸಂಖ್ಯೆ, ಕೇಬಲ್ಲು ಅಂತ ವಿಚಾರಿಸುತ್ತಿದ್ದೆ. ಮಾಸ್ತರರು ಒಂದನ್ನು ತೊಡೆಯ ಮೇಲಿಟ್ಟುಕೊಂಡು ಸಣ್ಣ ದನಿಯಲ್ಲಿ ಕೇಳಿದರು: "ಬೆರಳು ಅಲ್ಲೇ ಇಟ್ಟು ಶ್ರುತಿ ಇಳಸಾಕ ಬರ್ತದೇನ್ರಿ?"

"ಬರ್ತದ್ರೀ. ಎಡಕ್ಕ ಗುಂಡಿ ಅದ. ಒತ್ತಿದ್ರ ಶ್ರುತಿ ಇಳೀತದ, ಕೆಂಪು ದೀಪ ಹತ್ತತದ."

"ದೀಪ ಹತ್ತಲಾರದ್ದು ಇದ್ರ ಕೊಡ್ರಿ."

ಅಂಥದ್ದೊಂದು ಸಿಕ್ಕಿತು. ನಾನು ದುಡ್ಡು ಎಣಿಸಿ ಕೊಟ್ಟೆ.

ಮುಂದಿನ ಸೋಮವಾರದ ಭಜನೆಯಲ್ಲಿ ಮಾಸ್ತರರು "ನಮ್ದು ಬಿಳಿ ನಾಕು" ಎಂದು ಎಂದಿನಂತೆ ನಾಲ್ಕನೆಯ ಬಿಳಿ ಕೀ ಮೇಲೆ ಬೆರಳಿಟ್ಟರು. ಇಷ್ಟು ವರ್ಷ ತಿದಿ ಒತ್ತಿದ ಎಡಗೈ ಮೆಲ್ಲಗೆ ಗುಂಡಿಯನ್ನು ಮೂರು ಸಲ ಒತ್ತಿತು. ನಾನು ಬೇರೆ ಕಡೆ ನೋಡಿದೆ.

ಹಿಮ್ಮೇಳದ ನಾವೆಲ್ಲ ಅರವತ್ತು ದಾಟಿದವರು. ಅವರ ಎತ್ತರಕ್ಕೆ ಏರಿ ಏರಿ ದಣಿದಿದ್ದ ನಮ್ಮ ಗಂಟಲುಗಳಿಗೂ ಅಂದು ಹಾಡು ಸಲೀಸಾಗಿ ಸಿಕ್ಕಿತು. ಯಾಕೆಂದು ಯಾರೂ ಕೇಳಲಿಲ್ಲ.