ದೊಡ್ಡ ಪುಟಕ್ಕೆ ಬರೆಯುವ ಅನುಮತಿ

ಎದುರಿಗಿದ್ದವರು ಸುಮ್ಮನಾದರೆ ನಾನು ಹೇಳಿದ್ದು ಸರಿ ಎಂದುಕೊಂಡಿದ್ದ ಕಾಲವದು. ಕಾಲೇಜಿನ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದಿದ್ದೆ. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು; ಚೀಟಿಯಲ್ಲಿ ಬಂದದ್ದೇ ನನ್ನ ಅಭಿಪ್ರಾಯ. ದೇವರನ್ನು ನಂಬುತ್ತಿರಲಿಲ್ಲ, ಜಾತಕವನ್ನು ನಂಬುತ್ತಿರಲಿಲ್ಲ, ಪತ್ರಿಕೆಗಳನ್ನಂತೂ ಇಲ್ಲವೇ ಇಲ್ಲ. ನನ್ನನ್ನು ಮಾತ್ರ ಯಾಕೆ ನಂಬುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಉತ್ತರ ಇರುತ್ತಿತ್ತು.

ಎರಡು ಸಾವಿರದ ದಶಕದ ನಡುಭಾಗ. ಮದರಾಸಿನ ಬಂದರಿಗೆ ಹತ್ತಿರದ ಬೀದಿಯೊಂದರ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು, ಏಳು ಜನ. ಎಣ್ಣೂರಿನ ಕಂಟೇನರ್ ಯಾರ್ಡೊಂದರ ಸರ್ವರ್ ನಮ್ಮ ಜವಾಬ್ದಾರಿ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ಅವರ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಡುತ್ತಿದ್ದೆವು. ಯಾವ ಕಂಟೇನರ್ ಎಲ್ಲಿದೆ, ಯಾವುದರಲ್ಲಿ ಬೆಂಕಿ ಹತ್ತುವ ರಾಸಾಯನಿಕ ಇದೆ, ಯಾವುದರ ಪಕ್ಕ ಯಾವುದನ್ನು ಇಡಕೂಡದು, ಈ ಪಟ್ಟಿಯೆಲ್ಲ ಆ ಸರ್ವರಿನ ಮೆಮೊರಿಯಲ್ಲಿರುತ್ತಿತ್ತು.

ಮೆಮೊರಿಯನ್ನು ಕರ್ನಲ್ ಪುಟಗಳಾಗಿ ಹಂಚುತ್ತದೆ. ಸಾಮಾನ್ಯ ಪುಟ ನಾಲ್ಕು ಕಿಲೋಬೈಟ್; ಭಾರೀ ಪಟ್ಟಿಗಳಿಗೆ ಎರಡು ಮೆಗಾಬೈಟಿನ ದೊಡ್ಡ ಪುಟ. ಪ್ರತಿ ಪುಟಕ್ಕೂ ಒಂದು ಅನುಮತಿ ಇರುತ್ತದೆ: ಓದಬಹುದು ಅಷ್ಟೇ, ಅಥವಾ ಬರೆಯಲೂಬಹುದು. ಯಾರ್ಡಿನವರು ಕೇಳಿದ್ದು ಸರಳವಾಗಿತ್ತು. ಬದಲಾವಣೆ ಇಲ್ಲದ ಹೊತ್ತಿನಲ್ಲಿ ಪಟ್ಟಿಗೆ ಬರೆಯುವ ಅನುಮತಿ ತೆಗೆದುಬಿಡಬೇಕು, ಬೇಕಾದಾಗ ಮತ್ತೆ ಕೊಡಬೇಕು. ಸಣ್ಣ ಪುಟಗಳಿಗೆ ಇದು ಮೊದಲಿಂದಲೂ ಆಗುತ್ತಿತ್ತು. ನಮ್ಮ ಹಳೆಯ ಕರ್ನಲ್ ದೊಡ್ಡ ಪುಟ ಎಂದ ಕೂಡಲೇ ಆಗದು ಎಂದು ವಾಪಸು ಕಳಿಸುತ್ತಿತ್ತು. ಅದನ್ನು ಆಗಿಸುವ ಕೆಲಸ ನನಗೆ ಬಂತು. ಅರವತ್ತು ಸಾಲು ಬರೆದೆ.

ಆಫೀಸಿನಲ್ಲೊಂದು ಪದ್ಧತಿಯಿತ್ತು. ಕರ್ನಲ್ಲಿಗೆ ಏನೇ ಸೇರಿಸಿದರೂ ಬರೆದವರು ಬೋರ್ಡಿನ ಮುಂದೆ ನಿಂತು ಸಮರ್ಥಿಸಬೇಕು. ಇನ್ನೊಬ್ಬರು ಎದುರು ಕೂತು ಅದನ್ನು ಕೆಡವಲು ನೋಡಬೇಕು. ಎದುರಿನವರ ಪ್ರಶ್ನೆಗಳು ಮುಗಿದರೆ ನಮ್ಮ ಸಾರ್ "ಪೋಟುಡಲಾಂ" ಅನ್ನುತ್ತಿದ್ದರು, ಹಾಕಿಬಿಡೋಣ ಎಂದು. ಸಾರ್ ಎಂದರೆ ಆ ಕಂಪನಿಯ ಯಜಮಾನರು, ರಾಯಪುರಂನ ತಮಿಳರು. ಈ ಪದ್ಧತಿ ನನಗಾಗಿಯೇ ಹುಟ್ಟಿದ್ದು ಎಂದು ನನಗನ್ನಿಸುತ್ತಿತ್ತು.

ಆ ಬುಧವಾರ ಎದುರು ಕೂತವರು ಅಕ್ಕ. ಸಂಬಂಧದಿಂದಲ್ಲ, ಆಫೀಸಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ, ಅವರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರ ಮನೆಯವರು, ಮಾತಿನಲ್ಲಿ ಅಲ್ಲಲ್ಲಿ ತಮಿಳು, 'ತಾನೇ' ಎನ್ನುವಲ್ಲಿ 'ದಾನೆ'. ನಮ್ಮದು ಸೌಕಾರ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರಕ್ಕೆಂದು ಬಂದು ನೆಲೆನಿಂತ ಮನೆ, ಹುಬ್ಬಳ್ಳಿ ಕಡೆಯ ಕನ್ನಡ.

"ಒಂದು ಡೌಟ್ ಮಾ," ಎಂದರು ಅಕ್ಕ. "ಅವರ ಪ್ರೋಗ್ರಾಂ ರಿಪೋರ್ಟ್ ತೆಗಿಯೋಕೆ ತನ್ನ ಥರದ್ದೇ ಇನ್ನೊಂದನ್ನ ಹುಟ್ಟಿಸತ್ತೆ ಅಲ್ವಾ? ಆವಾಗ ತಾಯಿಗೂ ಮಗುಗೂ ಒಂದೇ ಪುಟ ದಾನೆ? ಆ ಮಗು ಅನುಮತಿ ತೆಗೆದು, ತಿರುಗಾ ಕೊಡು ಅಂತ ಕೇಳಿದ್ರೆ?"

"ಮಗು ಬರೇ ಓದ್ತದ ಅಕ್ಕಾ, ಬರಿಯೂದಿಲ್ಲ. ಆಗದ ಮಾತಿಗೆ ನಾ ಯಾಕ ಉತ್ತರಾ ಕೊಡ್ಲಿ?"

"ಬರೆದ್ರೆ ಅಂತ ಕೇಳ್ತಿದೀನಿ ಮಾ."

"ಬರೀತದ ಅಂತ ನೀವ ಸಾಬೀತು ಮಾಡ್ರಿ. ಆರೋಪ ಮಾಡಿದವರದ ಹೊಣಿ."

ಕನ್ನಡ ತಿಳಿಯದ ಉಳಿದವರೆಲ್ಲ ನಕ್ಕರು, ಧಾಟಿಯೇ ಸಾಕಾಗಿತ್ತು. "ವಕ್ಕೀಲಮ್ಮಾ!" ಎಂದು ಸಾರ್ ಮೇಜು ಕುಟ್ಟಿದರು. ಅಕ್ಕ ಪೆನ್ನಿಗೆ ಟೋಪಿ ಹಾಕಿದರು. ಪೋಟುಡಲಾಂ ಆಯಿತು. ಭಾನುವಾರ ಲಾರಿಗಳ ಓಡಾಟ ಕಡಿಮೆ, ಅವತ್ತು ಮಧ್ಯಾಹ್ನವೇ ಹೋಗಿ ಹಾಕುತ್ತೇನೆ ಎಂದರು ಸಾರ್.

ಚರ್ಚೆ ಕಲಿಸಿದ ಮೇಷ್ಟರು ನಮಗೊಂದು ಅಭ್ಯಾಸ ಹಚ್ಚಿದ್ದರು. ಗೆದ್ದ ಮೇಲೆ, ಎದುರಿನವರು ಹೇಳಬಹುದಾಗಿದ್ದ ಅತ್ಯುತ್ತಮ ಉತ್ತರವನ್ನು ನಾವೇ ಬರೆದುನೋಡಬೇಕು. ಭಾನುವಾರ ಹನ್ನೊಂದರ ಹೊತ್ತಿಗೆ ಕಾಫಿ ಕುಡಿಯುತ್ತ, ಸುಮ್ಮನೆ ಖುಷಿಗೆ, ಒಂದು ಕಾಗದದಲ್ಲಿ ಅಕ್ಕನ ಪರವಾಗಿ ಬರೆಯತೊಡಗಿದೆ.

ಪ್ರೋಗ್ರಾಂ ಮಗುವನ್ನು ಹುಟ್ಟಿಸಿದಾಗ ಕರ್ನಲ್ ಪುಟಗಳನ್ನು ನಕಲು ಮಾಡುವುದಿಲ್ಲ. ಇಬ್ಬರಿಗೂ ಅದೇ ಪುಟ ತೋರಿಸಿ, ಇಬ್ಬರ ಬರೆಯುವ ಅನುಮತಿಯನ್ನೂ ಸದ್ದಿಲ್ಲದೆ ಕಿತ್ತುಕೊಂಡಿರುತ್ತದೆ. ಯಾರಾದರೂ ಬರೆಯಲು ಹೋಗಿ ತಡೆ ಸಿಕ್ಕಾಗ ಮಾತ್ರ ಅವರಿಗೊಂದು ಬೇರೆ ಪ್ರತಿ. ನನ್ನ ಅರವತ್ತು ಸಾಲು ಏನು ಮಾಡುತ್ತಿತ್ತು? ಮಗು ಅನುಮತಿ ಕೇಳಿದರೆ, ಪುಟ ಹಂಚಿಕೊಂಡದ್ದೇ ಎಂದು ನೋಡದೆ, ನೇರವಾಗಿ ಕೊಟ್ಟುಬಿಡುತ್ತಿತ್ತು. ತಡೆಯಿಲ್ಲ, ಆದ್ದರಿಂದ ನಕಲೂ ಇಲ್ಲ. ಮಗು ಬರೆದದ್ದು ತಾಯಿಯ ಪಟ್ಟಿಯ ಮೇಲೇ ಬೀಳುತ್ತದೆ.

ಸರಿ, ಆದರೆ ಮಗು ಬರೆಯುವುದಿಲ್ಲವಲ್ಲ? ಅಷ್ಟರಲ್ಲಿ ನೆನಪಾಯಿತು. ರಿಪೋರ್ಟಿಗೆ ಮುಂಚೆ ಅದು ಪಟ್ಟಿಯನ್ನು ತೂಕದ ಪ್ರಕಾರ ಮರುಜೋಡಿಸುತ್ತದೆ, ಇದ್ದ ಜಾಗದಲ್ಲೇ. ಮರುಜೋಡಿಸುವುದೆಂದರೆ ಬರೆಯುವುದೇ, ಅದಕ್ಕೆ ಅನುಮತಿ ಕೇಳಲೇಬೇಕು. ಕಾಫಿ ಬಾಯಲ್ಲೇ ಉಳಿಯಿತು. ತಾಯಿಯ ಪಟ್ಟಿಯಲ್ಲಿ ರಾಸಾಯನಿಕದ ಕಂಟೇನರಿನ ಸಾಲು ಇನ್ಯಾವುದೋ ಕಂಟೇನರಿನ ಜಾಗದಲ್ಲಿ ಕೂತಿರುತ್ತದೆ. ಕ್ರೇನಿನವನು ಅದನ್ನೇ ನಂಬಿ ಎತ್ತಿಡುತ್ತಾನೆ.

"ಏನವ್ವಾ, ಒಬ್ಬಾಕೀನ ಯಾರ ಜೋಡಿ ಜಗಳಾ ಹಚ್ಚೀದಿ?" ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾನು ಗಟ್ಟಿಯಾಗಿ ಗೊಣಗುತ್ತಿದ್ದೆನಂತೆ.

"ಆಫೀಸಿನ ಅಕ್ಕನ ಜೋಡಿ."

"ಗೆದ್ದಿಯಿಲ್ಲೋ?"

"ಬುಧವಾರನ ಗೆದ್ದೀನಿ ಅಪ್ಪಾ. ಅದ ತ್ರಾಸ ಆಗೇದ."

ಸಾರ್ ಮೊಬೈಲಿಗೆ ಆರು ಸಲ ಮಾಡಿದೆ, ಎತ್ತಲಿಲ್ಲ. ಸ್ಕೂಟರಿನಲ್ಲಿ ಹೊರಟಿರಬೇಕು. ಅಕ್ಕನಿಗೆ ಮಾಡಿದೆ.

"ಅಕ್ಕಾ, ಅವತ್ತು ನೀವು ಕೇಳಿದ್ದು…"

"ಮಗು ವಿಷಯ ದಾನೆ?"

"ಹೌದ್ರೀ. ಅದು ಬರೀತದ. ನಿಮಗ ಗೊತ್ತಿತ್ತೇನು?"

"ಖಾತ್ರಿ ಇರ್ಲಿಲ್ಲ. ಅನುಮಾನ ಇತ್ತು."

"ಮತ್ತ ಯಾಕ ಸುಮ್ಮನಾದ್ರಿ?" ನನ್ನ ದನಿ ಆಗಲೂ ಏರಿತ್ತು.

"ಕೇಳು, ಈಗಲೂ ನನ್ನ ಮೇಲೇ ಕೇಸು ಹಾಕ್ತಿದೀಯ!" ಅಕ್ಕ ನಕ್ಕರು, ಆಮೇಲೆ ನಗು ನಿಂತಿತು. "ನೀನು ಅಷ್ಟು ಜೋರಾಗಿ ಹೇಳಿದ್ಯಲ್ಲ ಮಾ, ನಾನೇ ಎಲ್ಲೋ ತಪ್ಪು ತಿಳ್ಕೊಂಡೆ ಅನ್ನಿಸ್ತು. ಎಲ್ಲರೂ ನಗ್ತಾ ಇದ್ರು. ಸರಿ, ಫೋನ್ ಇಡು. ಮೊದಲು ಎಣ್ಣೂರಿಗೆ ಓಡು."

ಬೀಚ್ ಸ್ಟೇಷನ್ನಿನಿಂದ ಎಲೆಕ್ಟ್ರಿಕ್ ರೈಲು. ರಾಯಪುರಂ ದಾಟಿತು, ಒಂದೊಂದು ಸ್ಟೇಷನ್ನಿನಲ್ಲೂ ಅದು ನಿಂತದ್ದು ನನ್ನನ್ನು ಕಾಡಿಸಲೆಂದೇ ಅನ್ನಿಸಿತು. ಕಾಗದವನ್ನು ಮಡಿಲಲ್ಲಿ ಬಿಡಿಸಿ ಮತ್ತೆ ಓದಿದೆ. ಆಗ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಬುಧವಾರ ಒಂದು ಪಕ್ಷ ವಹಿಸಿ ಎಲ್ಲರನ್ನೂ ಒಪ್ಪಿಸಿದೆ. ಇವತ್ತು ಇನ್ನೊಂದು ಪಕ್ಷ ವಹಿಸಿ ನನ್ನನ್ನೇ ಒಪ್ಪಿಸಿಕೊಂಡಿದ್ದೇನೆ. ಎರಡು ಸಲವೂ ಅಷ್ಟೇ ಖಾತ್ರಿ. ಹಾಗಾದರೆ ಯಾವುದು ನಿಜ? ವಾದ ಮಾಡಿ ತಿಳಿಯುವ ದಾರಿಯೇ ನನಗೆ ಕಾಣಲಿಲ್ಲ. ಕಾಗದದ ಹಿಂಬದಿಯಲ್ಲಿ ಇಪ್ಪತ್ತು ಸಾಲಿನ ಒಂದು ಪರೀಕ್ಷೆಯ ಪ್ರೋಗ್ರಾಂ ಬರೆಯತೊಡಗಿದೆ. ರೈಲಿನ ಅಲುಗಾಟಕ್ಕೆ ಅಕ್ಷರ ಓಲಾಡುತ್ತಿತ್ತು.

ಯಾರ್ಡಿನ ಸರ್ವರ್ ಕೋಣೆಗೆ ಹೋದಾಗ ಹೊಸ ಕರ್ನಲ್ ಎದ್ದು ನಿಂತಾಗಿತ್ತು. ಯಾರ್ಡಿನ ಪ್ರೋಗ್ರಾಂ ಇನ್ನೂ ಶುರುವಾಗಿರಲಿಲ್ಲ. ಅಲ್ಲಿನ ಮ್ಯಾನೇಜರು ಕೀಬೋರ್ಡಿನ ಮುಂದೆ ಕೂತಿದ್ದರು.

"ನೀ ಎದುಕ್ಕುಮ್ಮಾ ಇಂಗೆ ವಂದೆ?" ಯಾಕೆ ಬಂದೆ ಎಂದು ಸಾರ್ ಹುಬ್ಬೇರಿಸಿದರು.

"ಶುರು ಮಾಡಬೇಡಿ ಸಾರ್," ಎಂದೆ ತಮಿಳಿನಲ್ಲೇ. "ಹತ್ತು ನಿಮಿಷ ಕೊಡಿ. ವಿವರಿಸುವುದಿಲ್ಲ, ತೋರಿಸುತ್ತೇನೆ."

ನಾನು ವಿವರಿಸುವುದಿಲ್ಲ ಎಂದದ್ದಕ್ಕೇ ಅವರು ಗಾಬರಿಯಾಗಿರಬೇಕು. ಜಾಗ ಬಿಡಿಸಿಕೊಟ್ಟರು. ಟೈಪ್ ಮಾಡಿದೆ. ತಾಯಿ ದೊಡ್ಡ ಪುಟವೊಂದರಲ್ಲಿ ಒಂದು ಎಂದು ಬರೆಯುತ್ತದೆ, ಮಗುವನ್ನು ಹುಟ್ಟಿಸುತ್ತದೆ, ಮಗು ಅನುಮತಿ ತೆಗೆದು, ಮತ್ತೆ ಪಡೆದು, ಎರಡು ಎಂದು ಬರೆಯುತ್ತದೆ, ಕೊನೆಗೆ ತಾಯಿ ತನ್ನ ಪುಟದಲ್ಲಿರುವುದನ್ನು ಪರದೆಗೆ ಹಾಕುತ್ತದೆ. ಒಂದು ಬಂದರೆ ಕ್ಷೇಮ.

ಎರಡು ಬಂತು.

ಸಾರ್ ಬಗ್ಗಿ ನೋಡಿದರು. ಅವರೇ ಇನ್ನೊಮ್ಮೆ ಓಡಿಸಿದರು. ಮತ್ತೆ ಎರಡು. ಹಳೆಯ ಕರ್ನಲ್ಲಿನಿಂದ ಮೆಷಿನ್ನನ್ನು ಮತ್ತೆ ಎಬ್ಬಿಸಿದರು. ಪರದೆಯ ಮೇಲೆ ಸಾಲುಗಳು ಏರುತ್ತಿರುವಾಗ ಮ್ಯಾನೇಜರು, "ಒಳ್ಳೇ ಹೊತ್ತಿಗೆ ಹಿಡಿದ್ರಿ ಮೇಡಂ," ಎಂದರು ತಮಿಳಿನಲ್ಲಿ.

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು! "ನಾನು ಹಿಡಿದದ್ದಲ್ಲ," ಎಂದೆ. "ನಮ್ಮ ಆಫೀಸಿನ ಇನ್ನೊಬ್ಬರು ಬುಧವಾರವೇ ಹಿಡಿದಿದ್ದರು. ನಾನು ಬಾಯಿ ಮುಚ್ಚಿಸಿದೆ."

ಸಾರ್‌ಗೆ ಆ ನಗು, ಆ ಮೇಜು ಕುಟ್ಟಿದ್ದು ನೆನಪಾಯಿತೋ ಏನೋ. ಮ್ಯಾನೇಜರು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮಾರುತ್ತರಗಳೂ ತಾವಾಗಿ ಜೋಡಣೆಯಾಗುತ್ತಿದ್ದವು, ಅಭ್ಯಾಸಬಲ.

"ಈ ವರ್ಷ ಎಷ್ಟು ಸಲ ಬೋರ್ಡಿನ ಮುಂದೆ ನಿಂತಿದ್ದೀಯ?" ಎಂದು ಕೇಳಿದರು.

"ಐದು ಸಲ ಸಾರ್."

"ಇದೇ ಥರ ಗೆದ್ದದ್ದು ಇನ್ನೆಷ್ಟು?"

ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದು ಒಂದೊಂದನ್ನೇ ನೆನೆಸಿಕೊಂಡೆ. ಯಾರು ಎದುರು ಕೂತಿದ್ದರು, ಏನು ಕೇಳಿದ್ದರು, ನಾನು ಉತ್ತರ ಕೊಟ್ಟಿದ್ದೆನೋ, ಬರೀ ನಗಿಸಿದ್ದೆನೋ.

"ಒಂದು ಇರಬಹುದು," ಎಂದೆ. "ಮಾರ್ಚಿನಲ್ಲಿ ಹಾಕಿದ್ದು. ಅದು ಹಳೆಯ ಕರ್ನಲ್ಲಿನೊಳಗೇ ಇದೆ, ಈ ಮೆಷಿನ್ನಿನಲ್ಲೇ ಓಡುತ್ತಿದೆ ಸಾರ್, ಈಗ."

ಸಾರ್ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ಕೂತು, ಮಾರ್ಚಿನ ಆ ಪ್ರಶ್ನೆ ಏನಿತ್ತೆಂದು ಬರೆಯತೊಡಗಿದೆ.