ಸಂತೆಯ ನುಗ್ಗೆಕಾಯಿ

ನಿನ್ನೆ ಸಂತೆಯಿಂದ ತಂದ ನುಗ್ಗೆಕಾಯಿ ಕಟ್ಟು ಅಡುಗೆಮನೆಯ ಮೂಲೆಯಲ್ಲಿ ನಿಂತಿದೆ. ಒಂದನ್ನು ಮುರಿದು ನಾರೆಳೆದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸಂತೇಬೆನ್ನೂರಿನ ಆಸ್ಪತ್ರೆಯ ಆಯಮ್ಮ ಕಣ್ಣ ಮುಂದೆ ಬಂದಳು...

ಸಂತೆ ಮೈದಾನದ ಹಿಂದಿನ ಬೀದಿಯಲ್ಲಿ ಹೆಂಗಸರಿಗೆಂದೇ ಒಂದು ಸಣ್ಣ ಆಸ್ಪತ್ರೆ. ಆಯಮ್ಮ ಅಲ್ಲಿ ನೆಲ ಒರೆಸುತ್ತಿದ್ದಳು, ಚೀಟಿ ಕೊಡುತ್ತಿದ್ದಳು, ಅಳುವವರ ಪಕ್ಕ ಕೂರುತ್ತಿದ್ದಳು. ಸುತ್ತಲ ಹಳ್ಳಿಗಳ ಹೆಂಗಸರು ಮನೆಯಲ್ಲಿ ಸಂತೆಗೆ ಎಂದು ಹೇಳಿ, ಖಾಲಿ ಚೀಲ ಹಿಡಿದು ಅಲ್ಲಿಗೆ ಬರುತ್ತಿದ್ದರು. ಡಾಕ್ಟರನ್ನು ಕಂಡು ಹೊರಬರುವ ಹೊತ್ತಿಗೆ ಸಂತೆ ಕರಗಿರುತ್ತಿತ್ತು. ಅದಕ್ಕೇ ಆಯಮ್ಮ ಬೆಳಿಗ್ಗೆಯೇ ತರಕಾರಿ ತಂದು, ನೀರು ಚಿಮುಕಿಸಿ ಇಟ್ಟಿರುತ್ತಿದ್ದಳು. ಹೊರಟವರ ಚೀಲವನ್ನು ತಾನೇ ತುಂಬುತ್ತಿದ್ದಳು. ಕೆಳಗೆ ಮೆಂತ್ಯದ ಸೊಪ್ಪು, ಮೇಲೆ ನುಗ್ಗೆಕಾಯಿ. ಹೊರುವವಳಿಗೆ ಹಗುರ, ನೋಡುವವರ ಕಣ್ಣಿಗೆ ಭರ್ತಿ ಚೀಲ.

ಏಳೆಂಟು ವರ್ಷದ ಹಿಂದೆ ನಾನೂ ಹಾಗೆಯೇ ಹೋದವಳು. ಇಬ್ಬರು ಹೆಣ್ಣುಮಕ್ಕಳಿದ್ದರು. ಮೂರನೆಯದು ಗಂಡೇ ಆಗುತ್ತದೆ ಎಂದು ಅತ್ತೆ ಕಾದು ಕೂತಿದ್ದರು. ನನಗೆ ಮೂರನೆಯದು ಬೇಡವಾಗಿತ್ತು. ಯಾಕೆ ಬೇಡ ಎಂದು ಡಾಕ್ಟರಿಗೆ ಹೇಳಿದೆ. ಉಳಿದವರಿಗೆ ಹೇಳಿದರೆ ತಕ್ಕಡಿಗೆ ಹಾಕಿ ತೂಗುತ್ತಾರೆ, ಹಾಗಾಗಿ ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ಖಾಲಿ ಚೀಲ ಮಡಿಲಲ್ಲಿಟ್ಟು ಬೆಂಚಿನ ಮೇಲೆ ಕೂತಿದ್ದೆ. ಆಯಮ್ಮ ಬಂದು ಪಕ್ಕದಲ್ಲಿ ಕೂತಳು. ಮುಟ್ಟು ತಪ್ಪಿ ಎರಡು ವಾರವಾಯಿತು ಎಂದೆ.

"ಗಂಡನ ಜೊತೆ ಮಲಗಿದ ಮೂರು ದಿನದೊಳಗೆ ಬಂದಿದ್ರೆ ಒಂದು ಗುಳಿಗೇಲಿ ತಡೆಯಾಕೆ ನೋಡಬಹುದಿತ್ತು. ಮುಂದಕ್ಕೆ ನೆನಪಿಟ್ಕ. ಈಗ ಬ್ಯಾರೆ ದಾರಿ ಐತೆ, ಹೆದರಬ್ಯಾಡ."

"ಗಂಡನ ಸಹಿ ಬೇಕಾ?"

"ಹೊಟ್ಟೆ ಯಾರ್ದು?"

"ನಂದು."

"ಮತ್ತೆ ಸಹೀನೂ ನಿಂದೇ."

ಡಾಕ್ಟರು ಸ್ಕ್ಯಾನ್ ಮಾಡಿ, ಆರು ವಾರ, ಮಾತ್ರೆಯಲ್ಲೇ ಆಗುತ್ತದೆ ಎಂದರು. ಒಂದನ್ನು ಅಲ್ಲೇ ನುಂಗಿಸಿದರು. ಉಳಿದವನ್ನು ಎರಡು ದಿನ ಬಿಟ್ಟು ತೆಗೆದುಕೊಳ್ಳಬೇಕು, ರಕ್ತ ಹೆಚ್ಚಾದರೆ ಕೂಡಲೇ ಬರಬೇಕು, ಏನೂ ಆಗದಿದ್ದರೂ ಎರಡು ವಾರಕ್ಕೆ ಬಂದು ತೋರಿಸಬೇಕು ಎಂದು ಎರಡೆರಡು ಸಲ ಹೇಳಿದರು. ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಆಯಮ್ಮ ತುಂಬಿಕೊಟ್ಟ ಚೀಲ ಹಿಡಿದು ಬಸ್ಸು ಹತ್ತಿದೆ.

ನಮ್ಮ ಹಿತ್ತಲಲ್ಲಿ ನುಗ್ಗೆಮರವಿತ್ತು. ಆ ವರ್ಷ ಕೊಂಬೆ ಬಾಗುವಷ್ಟು ಕಾಯಿ. ಅದು ನನಗೆ ಹೊಳೆದದ್ದು ಅತ್ತೆ ಚೀಲಕ್ಕೆ ಕೈ ಹಾಕಿದಾಗ.

"ಹಿತ್ಲಾಗೆ ಮರ ಇಟ್ಕಂಡು ಸಂತೆಯಾಗೆ ನುಗ್ಗೆಕಾಯಿ ಕೊಂಡೀಯಾ? ಎಲ್ಲಿಗೆ ಹೋಗಿದ್ದೆ?"

ಯಾರೋ ಕೊಟ್ಟರು ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು... ಆದರೆ ಸಾಕಾಗಿತ್ತು ನನಗೆ. ಎಲ್ಲಿಗೆ ಹೋಗಿದ್ದೆ, ಯಾತಕ್ಕೆ ಹೋಗಿದ್ದೆ, ಎರಡನ್ನೂ ಹೇಳಿಬಿಟ್ಟೆ. ಒಳಗಿದ್ದ ಗಂಡ ಎದ್ದು ಬಂದು, ಉಳಿದ ಮಾತ್ರೆ ಇಲ್ಲಿ ಕೊಡು ಎಂದು ಕೈ ಚಾಚಿದ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು "ಕೊಡಲ್ಲ" ಎಂದೆ. ಈ ಮನೆಯಲ್ಲಿ ಅಲ್ಲಿಯವರೆಗೆ ಆ ಮಾತನ್ನು ನಾನು ಆಡಿರಲಿಲ್ಲ.

ಗಂಟು ಬಿಚ್ಚದೆಯೇ ಮಲಗಿ ಎದ್ದೆ. ಹೇಳಿದ ದಿನಕ್ಕೆ ಸರಿಯಾಗಿ ಮಾತ್ರೆ ತೆಗೆದುಕೊಂಡೆ. ಹೊಟ್ಟೆ ಹಿಂಡಿತು, ರಕ್ತ ಹೋಯಿತು. ಅತ್ತೆ ಮಾತೂ ಆಡಲಿಲ್ಲ, ಗಂಜಿಯನ್ನೂ ಕೊಡಲಿಲ್ಲ. ನಾನೇ ಕಾಸಿಕೊಂಡು ಕುಡಿದೆ. ಆಮೇಲೆ ಪಶ್ಚಾತ್ತಾಪವಾಯಿತಾ ಎಂದು ಕೇಳಿದವರಿದ್ದಾರೆ. ಆಗಲಿಲ್ಲ. ನೆಮ್ಮದಿಯಾಗಿ ನಿದ್ದೆ ಬಂತು.

ಎರಡು ವಾರಕ್ಕೆ ತೋರಿಸಲು ಹೋದಾಗ ಆಯಮ್ಮ ಬಾಗಿಲಲ್ಲೇ ಹಿಡಿದಳು.

"ನಿನ್ನ ಗಂಡ ಬಂದಿದ್ದ ಕಣವ್ವ. ತನ್ನ ಸಹಿ ಇಲ್ದೆ ಹೆಂಗೆ ಕೊಟ್ರಿ ಅಂತ ಕೇಳಾಕೆ."

"ನೀವೇನಂದ್ರಿ?"

"ಒರೆಸಿದ ನೆಲ ಐತೆ, ಚಪ್ಲಿ ಬಿಟ್ಟು ಬಾರಪ್ಪ ಅಂದೆ. ಬಿಡೋದ್ರಾಗೆ ಅರ್ಧ ಸಿಟ್ಟು ಇಳೀತು. ಇಲ್ಲಿ ಯಾರು ಬಂದ್ರು, ಯಾರು ಹೋದ್ರು, ಯಾರಿಗೂ ಹೇಳಲ್ಲ ಅಂದೆ. ವಾಪಸ್ ಚಪ್ಲಿ ಹಾಕ್ಕಂಡ."

ಇಬ್ಬರೂ ನಕ್ಕೆವು. ಆಮೇಲೆ ನಾನು ನುಗ್ಗೆಕಾಯಿಯ ಕತೆ ಹೇಳಿದೆ. ಆಯಮ್ಮನ ನಗು ನಿಂತುಹೋಯಿತು.

"ನಿಮ್ಮನ್ಯಾಗೆ ಮರ ಐತೇನು ಅಂತ ನಾನು ಕೇಳಬೇಕಿತ್ತು," ಎಂದಳು. "ನೀನೇನೋ ಎದುರಿಗೆ ನಿಂತೆ. ಎಲ್ಲರಿಗೂ ನಿಲ್ಲಾಕೆ ಆಗಲ್ಲ."

ಆವತ್ತೇ ನನ್ನ ಕಣ್ಣೆದುರಿಗೆ ಒಬ್ಬಳ ಚೀಲ ತುಂಬುವ ಮುಂಚೆ, "ಹಿತ್ಲಾಗೆ ಏನೇನೈತೆ?" ಎಂದು ಕೇಳಿದಳು. ಆ ಹುಡುಗಿ ಗಾಬರಿಯಾಗಿ, ಒಂದು ಕರಿಬೇವು, ಒಂದು ನಿಂಬೆ ಎಂದಳು. ಅಲ್ಲಿಂದ ಮುಂದೆ ಆಯಮ್ಮ ಕೇಳದೆ ಯಾರ ಚೀಲವನ್ನೂ ತುಂಬಲಿಲ್ಲವಂತೆ.

ಹೋದ ವರ್ಷ ಆಕೆ ತೀರಿಕೊಂಡಳು. ನನಗೆ ಗೊತ್ತಾದದ್ದು ತಿಂಗಳಾದ ಮೇಲೆ... ಮಣ್ಣು ಹಾಕಲೂ ಆಗಲಿಲ್ಲ. ಆ ಸಂಕಟ ಇನ್ನೂ ಇದೆ.

ನಿನ್ನೆ ಸಂತೆಗೆ ಹೋದವಳು ಆಸ್ಪತ್ರೆಯೊಳಗೆ ಇಣುಕಿ ನೋಡಿದೆ. ಬೆಂಚು ತುಂಬಿತ್ತು. ಎಲ್ಲರ ಮಡಿಲಲ್ಲೂ ಖಾಲಿ ಚೀಲ, ತುಂಬುವವರು ಯಾರೂ ಇಲ್ಲ. ಸಂತೆಗೆ ವಾಪಸ್ಸು ಹೋಗಿ ಸೊಪ್ಪು, ನುಗ್ಗೆಕಾಯಿ ತಂದು ಅವರ ಪಕ್ಕ ಕೂತೆ. ತುದಿಯಲ್ಲಿದ್ದವಳನ್ನು, ಹಿತ್ಲಾಗೆ ಏನೇನೈತೆ ಎಂದು ಕೇಳಿದೆ.

ಮಿಕ್ಕ ಒಂದು ಕಟ್ಟನ್ನು ಚೀಲದ ಬಾಯಿಂದ ಎದ್ದು ಕಾಣುವಂತೆ ಇಟ್ಟುಕೊಂಡು ಮನೆಗೆ ಬಂದೆ. ಹಿತ್ತಲಿನ ಮರ ಈಗಲೂ ಕಾಯಿ ಬಿಡುತ್ತದೆ. ಜಗುಲಿಯಲ್ಲಿ ಕೂತಿದ್ದ ಅತ್ತೆ ಚೀಲ ನೋಡಿದರು, ನನ್ನ ಮುಖ ನೋಡಿದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.