ರುಚಿ ನೋಡದೆ ಮಾಡಿದ ಸಹಿ

ನಾನು ಸಿಟ್ಟಿನ ಹೆಂಗಸು. ಬೆಳಿಗ್ಗೆ ಪತ್ರಿಕೆ ಕೈಗೆ ಬಂತೆಂದರೆ ಮಂತ್ರಿಯಿಂದ ಹಿಡಿದು ನಮ್ಮ ವಾರ್ಡಿನ ಕಾರ್ಪೊರೇಟರ್‌ವರೆಗೆ ಯಾರನ್ನೂ ಬಿಡದೆ ಬೈಯುತ್ತೇನೆ. ಮನೆಯವರು ಚಹಾ ತಂದಿಟ್ಟು ಸುಮ್ಮನೆ ಹೋಗುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ.

ಕಮಲಾಪುರದ ಒಂದು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ಸೀಟು ಸಿಕ್ಕ ದಿನವೇ ಹಬ್ಬ. ಮಂಡಿನೋವು ಶುರುವಾದ ಮೇಲೆ ನಗರಕ್ಕೆ ವರ್ಗಾವಣೆ ಎಂಬುದೊಂದೇ ನನ್ನ ಜಪವಾಗಿತ್ತು.

ಬಿಸಿಯೂಟ ಮಕ್ಕಳ ತಟ್ಟೆಗೆ ಬೀಳುವ ಮೊದಲು ಒಬ್ಬ ಶಿಕ್ಷಕರು, ಒಬ್ಬ ಪಾಲಕರು ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ನಮ್ಮಲ್ಲಿ ಸೋಮವಾರವೇ ಕುಳಿತು ಇಡೀ ವಾರದ ಸಹಿ ಮುಗಿಸಿಬಿಡುತ್ತಿದ್ದೆವು. ಪಾಲಕರ ಸಹಿಗೂ ಯಾರಾದರೊಬ್ಬರು ಸಿಗುತ್ತಿದ್ದರು.

ಆ ಪದ್ಧತಿ ಕೆಡಿಸಿದವಳು ಬ್ಲೌಸ್ ಹೊಲಿದು ಸಂಸಾರ ನಡೆಸುತ್ತಿದ್ದ ಒಬ್ಬ ತಾಯಿ. ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಆಕೆಯ ಮಗಳು ಆಗ ಆರನೆಯ ತರಗತಿ. ಪಾಲಕರು ಆಕೆಯನ್ನು ಶಾಲಾ ಸಮಿತಿಗೆ ಅಧ್ಯಕ್ಷೆಯಾಗಿ ಆರಿಸಿದಾಗ, ಪಾಪದ ಹೆಂಗಸು, ತೋರಿಸಿದಲ್ಲಿ ಸಹಿ ಹಾಕುತ್ತಾಳೆ ಎಂದುಕೊಂಡಿದ್ದೆ. ಮರುದಿನವೇ ಊಟದ ಹೊತ್ತಿಗೆ ಬಂದು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನಂತರ ಸಹಿ.

"ಸಾರಿನಾಗ ಬ್ಯಾಳಿ ಹುಡುಕಬೇಕಾಗ್ಯದ ನೋಡ್ರಿ ಮೇಡಂ," ಎಂದು ನಗುತ್ತಲೇ ಹೇಳುತ್ತಿದ್ದಳು. ಒಂದು ದಿನ ಅನ್ನದಲ್ಲಿ ಹುಳು ಕಂಡಿತು. ಆಕೆ ಸಹಿ ಹಾಕಲಿಲ್ಲ. ಅನ್ನವನ್ನೆಲ್ಲ ಚೆಲ್ಲಿ, ಮತ್ತೆ ಒಲೆ ಹಚ್ಚಿ, ಮಕ್ಕಳು ಉಣ್ಣುವಾಗ ಮೂರು ಗಂಟೆ.

ಶಾಲೆಗೆ ದಿನಸಿ ತಂದು ಹಾಕುತ್ತಿದ್ದವನು ಊರಿನ ಮುಖಂಡರೊಬ್ಬರ ತಮ್ಮ. ಆ ವಾರವೇ ಮುಖಂಡರು ಬಂದರು. ನನ್ನ ಕುರ್ಚಿಯಲ್ಲಿ ಕುಳಿತರು. ಎದ್ದು ಬಿಟ್ಟುಕೊಟ್ಟವಳು ನಾನೇ.

"ಸಮಿತಿ ಅವಧಿ ಮುಗೀಲಾಕತ್ತದಂತಲ್ರಿ? ಹೊಸಾದು ಮಾಡ್ರಿ. ನಮ್ಮವ್ರು ಒಬ್ರು ಅದಾರ, ಅವರ ಮಗನೂ ಇಲ್ಲೇ ಓದ್ತಾನ," ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಂದಂಗ, ನಿಮ್ಮ ಕಲಬುರಗಿ ಅರ್ಜಿ ಎಲ್ಲಿಗಿ ಬಂತ್ರಿ?" ಎಂದು ಕೇಳಿದರು.

ಅಷ್ಟೇ. ಬೆದರಿಕೆ ಹಾಕಲಿಲ್ಲ, ದನಿಯನ್ನೂ ಏರಿಸಲಿಲ್ಲ.

ಹೊಸ ಸಮಿತಿಗೆ ಪಾಲಕರ ಸಭೆ ಕರೆಯಬೇಕು. ಒಂದು ವಾರ ಮೊದಲು ಎಲ್ಲರಿಗೂ ಕಾಣುವಂತೆ ನೋಟಿಸ್ ಹಚ್ಚಬೇಕು. ಯಾವ ದಿನ ಎಂದು ಯೋಚಿಸುತ್ತಿರುವಾಗಲೇ ಆಕೆ ಆಫೀಸಿಗೆ ಬಂದಳು.

"ಬರೋ ಗುರುವಾರ ನಾ ಇರಂಗಿಲ್ರಿ ಮೇಡಂ. ಮೋಮಿನಪುರದಾಗ ತಂಗಿ ಮಗಳ ನಿಕಾಹ್ ಅದ. ಅವತ್ತೊಂದಿನ ನನ್ನ ಬದ್ಲಿ ನೀವೇ ರುಚಿ ನೋಡ್ರಿ."

"ಚಿಂತಿ ಮಾಡಬ್ಯಾಡ, ಹೋಗಿ ಬಾರಮ್ಮಾ," ಎಂದೆ. ಆಕೆ ಗೇಟು ದಾಟುವಷ್ಟರಲ್ಲಿ ಸಭೆಗೆ ಗುರುವಾರವನ್ನೇ ಗೊತ್ತು ಮಾಡಿದ್ದೆ.

ಮುಖಂಡರು ದಿನ ಹೇಳಿರಲಿಲ್ಲ. ಗುರುವಾರ ಎಂಬುದು ನನ್ನ ಸ್ವಂತ ಬುದ್ಧಿ. ನೋಟಿಸಿಗೆ ಹಿಂದಿನ ತಾರೀಖು ಹಾಕಿ, ಆಫೀಸಿನ ಒಳಗೆ, ಬೀರುವಿನ ಮಗ್ಗುಲಿಗೆ ಹಚ್ಚಿದ್ದೂ ನಾನೇ. ಹಚ್ಚಿ ಕೈತೊಳೆದು ಎಂಟನೆಯ ತರಗತಿಗೆ ಹೋದೆ. ಅಂದು ಪೌರನೀತಿ ಪಾಠ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೋರ್ಡಿನ ಮೇಲೆ ಬರೆದು, ಒಬ್ಬರ ಮೇಲೆ ಒಬ್ಬರ ಕಣ್ಣಿರಬೇಕು, ಇಲ್ಲದಿದ್ದರೆ ಅಧಿಕಾರ ಸಿಕ್ಕವರು ತಮ್ಮ ಹೊಟ್ಟೆಯನ್ನಷ್ಟೇ ನೋಡಿಕೊಳ್ಳುತ್ತಾರೆ ಎಂದು ಗಂಟಲು ಹರಿದುಕೊಂಡು ವಿವರಿಸಿದೆ. ಮಕ್ಕಳು ಬರೆದುಕೊಂಡರು.

ಗುರುವಾರ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಬಂದವರಲ್ಲಿ ಹೆಚ್ಚಿನವರು ಮುಖಂಡರು ಕಳಿಸಿದವರೇ. ಅವರಿಗೆ ಚಹಾ ಕೊಡಿಸುವ ಗಡಿಬಿಡಿಯಲ್ಲಿ ಊಟದ ರುಚಿ ನೋಡಲಿಲ್ಲ. ಸಹಿ ಮಾತ್ರ ಮಾಡಿದೆ.

ಶುಕ್ರವಾರ ಆಕೆ ಎಂದಿನಂತೆ ಊಟದ ಹೊತ್ತಿಗೆ ಬಂದಳು. ಇನ್ನು ಮೇಲೆ ಹೊಸ ಅಧ್ಯಕ್ಷರು ನೋಡುತ್ತಾರೆಂದು ಅಡುಗೆಯವರು ಬಾಗಿಲಲ್ಲೇ ಹೇಳಿ ಕಳಿಸಿದರು. ಆಫೀಸಿನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಆಕೆ ಇತ್ತ ತಿರುಗಿದಾಗ ನಾನು ಯಾರೊಂದಿಗೋ ಮಾತಾಡುವವಳಂತೆ ಫೋನನ್ನು ಕಿವಿಗೆ ಹಿಡಿದೆ. ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತಿದ್ದ ಮಗಳ ತಲೆ ಸವರಿ ಆಕೆ ಹೊರಟುಹೋದಳು. ಮುಂದಿನ ಸೋಮವಾರದಿಂದ ವಾರದ ಸಹಿಗಳು ಮತ್ತೆ ಒಟ್ಟಿಗೇ ಬಿದ್ದವು.

ನನ್ನ ವರ್ಗಾವಣೆ ಆಯಿತು. ಕಲಬುರಗಿಯಲ್ಲೇ, ಶರಣಬಸವೇಶ್ವರ ಗುಡಿಯ ಕಡೆಯ ಶಾಲೆಗೆ, ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಸಹೋದ್ಯೋಗಿಗಳಿಗೆ ಪೇಢೆ ಹಂಚಿದೆ.

ಕಳೆದ ತಿಂಗಳು ಗುಡಿಯ ಹತ್ತಿರ ಯಾರೋ "ಮೇಡಂ" ಎಂದು ಕರೆದರು. ಆಕೆಯೇ. ಮಗಳನ್ನು ಅಲ್ಲಿಯ ಕಾಲೇಜಿಗೆ ಸೇರಿಸಲು ಬಂದಿದ್ದಳು. ಓಡಿ ತಪ್ಪಿಸಿಕೊಳ್ಳಲು ಮಂಡಿ ಬಿಡಲಿಲ್ಲ. ಮನೆಯ ಕ್ಷೇಮ, ಕಾಲುನೋವು ಎಲ್ಲ ವಿಚಾರಿಸಿ, ಮಗಳ ಕಡೆ ತಿರುಗಿ ಹೇಳಿದಳು: "ನಾ ನಿಕಾಹ್‌ಕ ಹೋದ ದಿನಾನೇ ನೋಡಿ ಆ ಮಂದಿ ಮೀಟಿಂಗ್ ಮಾಡಿದ್ರು. ಮೇಡಂ ಒಬ್ಬರೇ, ಏನ್ ಮಾಡ್ಬೇಕು ಪಾಪ. ಇವರ ಕೈಯಾಗ ಇದ್ದಿದ್ರ ಹಂಗ ಆಗಗೊಡ್ತಿದ್ದಿಲ್ಲ."

ಈಗಲಾದರೂ ಹೇಳಬಹುದಿತ್ತು. ವರ್ಗಾವಣೆ ಆಗಿಹೋಗಿದೆ, ಮುಖಂಡರ ಹಂಗೂ ಇಲ್ಲ, ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದಮ್ಮಾ," ಎಂದೆ. "ನಂದೇನೂ ನಡೀಲಿಲ್ಲ."

"ಅದು ನನಗ ಗೊತ್ತದ ಬಿಡ್ರಿ," ಎಂದು ಆಕೆ ನನ್ನನ್ನೇ ಸಮಾಧಾನ ಮಾಡಿದಳು.